ಸೂಜಿಯ ಮೊನೆಗೊಂದು ಕಾಪು, ಆ ಕಾಪಿಗೊಂದು ಪರೀಕ್ಷೆ



ಕಲಬುರಗಿಯಿಂದ ಹುಮನಾಬಾದದ ಕಡೆಗೆ ಹೊರಟ ಹೆದ್ದಾರಿಯಲ್ಲಿ, ಕಮಲಾಪುರವನ್ನು ಮುಟ್ಟುವುದಕ್ಕೆ ಮುಂಚೆ ಸಿಕ್ಕುವ ಮಹಾಗಾಂವದಲ್ಲಿ, ಅಥವಾ ಅಂತಹುದೇ ಯಾವುದೊಂದು ಊರಿನಲ್ಲಿ, ಜ್ವರ ಬಂದ ಮನುಷ್ಯನು ಸೂಜಿ ಮಾಡಿಸಿಕೊಂಡು, ತೋಳನ್ನು ಒತ್ತಿ ಹಿಡಿದು ಮನೆಯ ದಾರಿ ಹಿಡಿದನೆಂದರೆ, ಅವನ ಪಾಲಿಗೆ ಸೂಜಿಯ ಸಂಗತಿ ಅಲ್ಲಿಗೆ ತೀರಿತು. ಸೂಜಿಯನ್ನು ಕೈಯಲ್ಲಿ ಹಿಡಿದು ನಿಂತ ದಾದಿಗೆ ಅದು ಅಲ್ಲಿಂದಲೇ ಆರಂಭವಾಗುತ್ತದೆ. ಔಷಧವು ಒಳಹೋದ ಮೇಲೆ ಉಳಿಯುವುದು ಪರರ ರಕ್ತದ ಲೇಪವನ್ನು ಹೊತ್ತ ಬರಿಯ ಮೊನೆ. ಕಸದ ಡಬ್ಬಿಯವರೆಗಿನ ಕೆಲವೇ ಹೆಜ್ಜೆಗಳಲ್ಲಿ ಅದು ದಾದಿಯ ಬೆರಳನ್ನು ಚುಚ್ಚಬಹುದು. ಡಬ್ಬಿಯಿಂದಾಚೆಗೆ ಪೌರಕಾರ್ಮಿಕನ ಅಂಗೈಯನ್ನು ಚುಚ್ಚಬಹುದು.

ಈ ಅಪಾಯವನ್ನು ತಡೆಯಲೆಂದು ಸೂಜಿಯ ಅಂಗವಾಗಿಯೇ ಇರತಕ್ಕ ರಕ್ಷಾಕವಚಗಳನ್ನು ಲೋಕದ ಅನೇಕ ಯಂತ್ರಜ್ಞರು ಕಲ್ಪಿಸಿದ್ದಾರೆ. ಅವುಗಳಿಗೆ ಪೇಟೆಂಟನ್ನು ಬೇಡಿದ್ದಾರೆ. ಬೇಡಿದವರಿಗೆಲ್ಲ ಅದು ದೊರೆತಿಲ್ಲ, ದೊರೆಯಲೂ ಬಾರದು. ಪೇಟೆಂಟನ್ನು ಕೊಡಬೇಕೆ ಬೇಡವೆ ಎಂಬ ನಿರ್ಣಯಕ್ಕೆ ಮುಂಚೆ ನಡೆಯುವ ಪರೀಕ್ಷೆಯೇ ನನ್ನ ಇಂದಿನ ಭಾಷಣದ ವಿಷಯ. ಇದು ವಕೀಲರಿಗೂ ಕಾರ್ಖಾನೆಯವರಿಗೂ ಸಂಬಂಧಿಸಿದ ಮಾತೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಆ ಪರೀಕ್ಷೆ ಸಡಿಲವಾದರೆ ನಷ್ಟವು ದಾದಿಗೆ, ಅದು ಬಿಗಿಯಾದರೆ ಲಾಭವೂ ಅವಳಿಗೇ ಎಂಬುದು ನನ್ನ ದೃಢವಾದ ನಂಬಿಕೆ. ಆ ನಂಬಿಕೆಗೆ ಕಾರಣಗಳನ್ನು ಒಂದೊಂದಾಗಿ ತಮ್ಮ ಮುಂದಿಡುತ್ತೇನೆ.

ಮೊದಲು ಅಪಾಯದ ಪ್ರಮಾಣವನ್ನು ತಿಳಿಯೋಣ. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಮಾಡಿದ ಅಂದಾಜಿನಂತೆ ಲೋಕದಲ್ಲಿದ್ದ ಸುಮಾರು 3 ಕೋಟಿ 50 ಲಕ್ಷ ಆರೋಗ್ಯ ಕಾರ್ಯಕರ್ತರಲ್ಲಿ ಪ್ರತಿವರ್ಷವೂ ಸುಮಾರು 30 ಲಕ್ಷ ಮಂದಿ ಇಂತಹ ಚುಚ್ಚುಗಾಯದಿಂದ ರಕ್ತಜನ್ಯ ರೋಗಾಣುಗಳ ಸಂಪರ್ಕಕ್ಕೆ ಬರುತ್ತಿದ್ದರು. ರೋಗಿಯ ರಕ್ತದಲ್ಲಿ ಹೆಪಟೈಟಿಸ್ ಬಿ ಇದ್ದು, ಚುಚ್ಚಿಸಿಕೊಂಡವರು ಲಸಿಕೆಯನ್ನು ಪಡೆಯದವರಾಗಿದ್ದರೆ, ಸೋಂಕು ತಗಲುವ ಸಂಭವವು 100ಕ್ಕೆ 30ರವರೆಗೂ ಏರಬಹುದು. ಹೆಪಟೈಟಿಸ್ ಸಿ ಆದರೆ 100ಕ್ಕೆ ಸುಮಾರು 2; ಎಚ್.ಐ.ವಿ. ಆದರೆ 1,000ಕ್ಕೆ ಸುಮಾರು 3. ಅಂಕಿಗಳು ಸಣ್ಣವೆಂದು ಸಮಾಧಾನಪಡುವ ಹಾಗಿಲ್ಲ. ಚುಚ್ಚಿದ ಕ್ಷಣದಿಂದ ರಕ್ತಪರೀಕ್ಷೆಯ ಕೊನೆಯ ಫಲಿತಾಂಶ ಬರುವ ತನಕ ಆ ದಾದಿಯೂ ಅವಳ ಮನೆಯವರೂ ಅನುಭವಿಸುವ ತಳಮಳಕ್ಕೆ ಶೇಕಡಾ ಲೆಕ್ಕವಿಲ್ಲ.

ಬಹುಕಾಲ ಈ ಗಾಯಗಳಿಗೆಲ್ಲ ಒಂದೇ ಕಾರಣವನ್ನು ಹೇಳುತ್ತಿದ್ದರು, ದಾದಿಯ ಅಜಾಗರೂಕತೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜಾನಿನ್ ಜ್ಯಾಗರ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮಾತನ್ನು ತಲೆಕೆಳಗು ಮಾಡಿತು. ಒಂದು ಆಸ್ಪತ್ರೆಯಲ್ಲಿ ಸಂಭವಿಸಿದ 300ಕ್ಕೂ ಮಿಕ್ಕ ಚುಚ್ಚುಗಾಯಗಳನ್ನು, ಗಾಯಗೊಂಡವರು ಯಾರೆಂದು ನೋಡದೆ, ಯಾವ ಸಾಧನದಿಂದ ಗಾಯವಾಯಿತೆಂದು ಅವರು ವಿಂಗಡಿಸಿದರು. ಬಳಸಿದ ಮೇಲೆ ಭಾಗಗಳನ್ನು ಕೈಯಿಂದ ಬಿಡಿಸಬೇಕಾದ ಸಾಧನಗಳಿಂದ, ಸಾಧಾರಣ ಸಿರಿಂಜಿಗಿಂತ ಐದು ಪಟ್ಟಿನವರೆಗೂ ಹೆಚ್ಚಿನ ಪ್ರಮಾಣದಲ್ಲಿ ಗಾಯಗಳಾಗುತ್ತಿದ್ದುವು. ದೋಷವು ಕೈಯದಲ್ಲ, ಕೈಗೆ ಕೊಟ್ಟ ಸಾಧನದ ರಚನೆಯದು ಎಂಬುದು ಅಲ್ಲಿಂದ ನಿಶ್ಚಿತವಾಯಿತು. ನನ್ನ ಅಭಿಪ್ರಾಯದಲ್ಲಿ ಸೂಜಿಯ ರಕ್ಷಾಕವಚದ ಚರಿತ್ರೆಯಲ್ಲಿ ಯಾವ ಯಂತ್ರಕ್ಕಿಂತಲೂ ದೊಡ್ಡದಾದ ಉಪಕಾರ ಇದು. ದೂರನ್ನು ಹೊತ್ತು ತಲೆತಗ್ಗಿಸಿದ್ದವರನ್ನು ಅದು ದೂರಿನಿಂದ ಬಿಡಿಸಿತು.

ಇದುವರೆಗೆ ಅಪಾಯವೆಷ್ಟು, ಅದರ ಮೂಲವೆಲ್ಲಿ ಎಂಬುದನ್ನು ಹೇಳಿದೆ. ಇನ್ನು ರಕ್ಷಾಕವಚಗಳು ಎಂತಹುವೆಂಬುದನ್ನು ನೋಡೋಣ. ನೋಡೋಣವೆಂದರೂ ನಿಮ್ಮ ಕಣ್ಣಮುಂದೆ ಅವನ್ನು ಹಿಡಿಯಲು ನನಗೆ ಸಾಧ್ಯವಿಲ್ಲ. ಆದಕಾರಣ ಮಾತಿನಿಂದಲೇ ಚಿತ್ರಿಸುತ್ತೇನೆ, ತಾವು ಮನಸ್ಸಿನಲ್ಲಿ ರೂಪಿಸಿಕೊಳ್ಳಬೇಕು.

ಒಂದು ಬಗೆಯಲ್ಲಿ ಸಿರಿಂಜಿನ ಕೊಳವೆಯ ಮೇಲೆ ಇನ್ನೊಂದು ತೆಳುವಾದ ಕೊಳವೆ ಜಾರುವಂತೆ ಕುಳಿತಿರುತ್ತದೆ. ಸೂಜಿಯನ್ನು ಮೈಯಿಂದ ತೆಗೆದೊಡನೆ ಅದೇ ಕೈಯಿಂದ ಆ ಹೊರಕೊಳವೆಯನ್ನು ಮುಂದಕ್ಕೆ ತಳ್ಳಿದರೆ ಅದು ಮೊನೆಯನ್ನು ಮುಚ್ಚಿ, ಚಟ್ಟೆಂಬ ಸದ್ದಿನೊಡನೆ ಅಗುಳಿ ಬಿದ್ದು ನಿಲ್ಲುತ್ತದೆ. ಇನ್ನೊಂದು ಬಗೆಯಲ್ಲಿ ಸೂಜಿಯ ಬುಡದಲ್ಲಿ ಕೀಲಿನ ಮೇಲೆ ತಿರುಗುವ ಮುಚ್ಚಳವಿರುತ್ತದೆ. ಅದನ್ನು ಮೇಜಿನ ಅಂಚಿಗೆ ಒತ್ತಿದರೆ ಮಡಚಿಕೊಂಡು ಸೂಜಿಯನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಮೂರನೆಯದರಲ್ಲಿ ಸೂಜಿಯೇ ಹಿಂದಕ್ಕೆ ಹೋಗುತ್ತದೆ. ಔಷಧವನ್ನು ತಳ್ಳುವ ದಟ್ಟೆಯನ್ನು ಕೊನೆಯ ಹನಿಯವರೆಗೂ ಒತ್ತಿದಾಗ ಒಳಗೆ ಬಿಗಿದಿಟ್ಟ ಸುರುಳಿಯೊಂದು ಬಿಡುಗಡೆಯಾಗಿ ಸೂಜಿಯನ್ನು ಕೊಳವೆಯ ಒಳಕ್ಕೆ ಸೆಳೆದುಬಿಡುತ್ತದೆ. ರಕ್ತನಾಳಕ್ಕೆ ಸಲೈನು ಹಚ್ಚುವ ಕ್ಯಾನುಲಾದ ಸೂಜಿಗೆ ನಾಲ್ಕನೆಯ ಬಗೆಯುಂಟು. ಲೋಹದ ಚಿಕ್ಕ ಚಿಮುಟವೊಂದು ಸೂಜಿಯ ಮೈಮೇಲೆ ಕುಳಿತಿದ್ದು, ಸೂಜಿಯನ್ನು ಹಿಂದಕ್ಕೆ ಎಳೆಯುತ್ತಿದ್ದಂತೆ ಮೊನೆಯ ಬಳಿಗೆ ಸರಿದು, ಅಲ್ಲಿರುವ ಸಣ್ಣ ಉಬ್ಬಿಗೆ ತಡೆದು, ಮೊನೆಯನ್ನು ತಾನಾಗಿಯೇ ಕಚ್ಚಿ ಮುಚ್ಚುತ್ತದೆ. ದಾದಿಯು ಬೇರೆ ಏನನ್ನೂ ಮಾಡಬೇಕಾಗಿಲ್ಲ. ರಾತ್ರಿಯ ಪಾಳಿಯಲ್ಲಿ ಒಬ್ಬಳೇ ಹತ್ತಾರು ರೋಗಿಗಳನ್ನು ನೋಡಿಕೊಳ್ಳುವವಳಿಗೆ, ನೆನಪಿಟ್ಟು ಮಾಡಬೇಕಾದ ಕೆಲಸ ಒಂದು ಕಡಮೆಯಾದರೂ ಅದು ದೊಡ್ಡದು.

ಇಲ್ಲಿ ಒಂದು ಭೇದವನ್ನು ಹೇಳಿ ಮುಂದುವರಿಯಬೇಕು. ಒಮ್ಮೆ ಬಳಸಿದ ಮೇಲೆ ದಟ್ಟೆಯು ಸಿಕ್ಕಿಕೊಂಡು ಮತ್ತೆ ಎಳೆಯಲು ಬಾರದಂತಾಗುವ ಸಿರಿಂಜನ್ನು ನಮ್ಮ ಲಸಿಕೆಯ ಕಾರ್ಯಕ್ರಮದಲ್ಲಿ ತಾವು ಕಂಡಿರಬಹುದು. ಅದು ರೋಗಿಯನ್ನು ಕಾಯುತ್ತದೆ. ಒಬ್ಬರ ಸೂಜಿ ಇನ್ನೊಬ್ಬರಿಗೆ ಬರದಂತೆ ತಡೆಯುತ್ತದೆ. ಅದರ ಅಗತ್ಯವೇನೂ ಸಾಮಾನ್ಯವಲ್ಲ. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಹೆಪಟೈಟಿಸ್ ಬಿ ಹರಡಿ ಜನ ಸತ್ತದ್ದು ಸಿರಿಂಜುಗಳ ಮರುಬಳಕೆಯಿಂದ. ಆದರೆ ಅದರ ಮೊನೆ ಬಯಲಾಗಿಯೇ ಉಳಿಯುತ್ತದೆ. ಮೊನೆಯನ್ನು ಮುಚ್ಚಿ ಸೂಜಿ ಹಾಕಿದವರನ್ನು ಕಾಯತಕ್ಕುದು ರಕ್ಷಾಕವಚ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಎರಡು ಗುಣಗಳನ್ನೂ ಬೇರೆಬೇರೆಯಾಗಿ ಹೆಸರಿಸಿ, ಎರಡನ್ನೂ ಬಯಸಿತು. ಇಂದಿನ ನಮ್ಮ ಮಾತು ಎರಡನೆಯದರ ಕುರಿತದ್ದು.

ಅಪಾಯವನ್ನು ಹೇಳಿದೆ, ಕವಚದ ಬಗೆಗಳನ್ನು ಹೇಳಿದೆ. ಮುಂದಿನ ಪ್ರಶ್ನೆ, ಪೇಟೆಂಟೆಂದರೇನು?

ನಮ್ಮ ಜಿಲ್ಲೆಯವರಿಗೆ ಬೌದ್ಧಿಕ ಸ್ವತ್ತಿನ ಪರಿಚಯ ಆಗಲೇ ಆಗಿದೆ. ಕಮಲಾಪುರದ ಕೆಂಪು ಬಾಳೆಗೂ ಕಲಬುರಗಿಯ ತೊಗರಿಬೇಳೆಗೂ ಭೌಗೋಳಿಕ ಸೂಚಕದ ಮನ್ನಣೆ ದೊರೆತಿರುವುದು ತಮಗೆ ತಿಳಿದಿರುವ ವಿಷಯ. ಆ ಮನ್ನಣೆಯು ಒಂದು ನೆಲಕ್ಕೂ ಅಲ್ಲಿಯ ಬೆಳೆಗಾರರೆಲ್ಲರಿಗೂ ಸೇರಿದ್ದು. ನವೀಕರಿಸುತ್ತ ಹೋದರೆ ಅದಕ್ಕೆ ಕೊನೆಯಿಲ್ಲ. ಅದು ಹಳೆಯದಾದಷ್ಟೂ ಗೌರವ ಹೆಚ್ಚು. ಪೇಟೆಂಟಿನ ಸ್ವಭಾವವು ಇದಕ್ಕೆ ನೇರವಾಗಿ ವಿರುದ್ಧವಾದದ್ದು. ಅದು ಹೊಸತಿಗೆ ಮಾತ್ರ ಸಲ್ಲುತ್ತದೆ, ಕಂಡುಹಿಡಿದವರಿಗೆ ಅಥವಾ ಅವರಿಂದ ಹಕ್ಕು ಪಡೆದವರಿಗೆ ಮಾತ್ರ ಸಲ್ಲುತ್ತದೆ, ಮತ್ತು ಅರ್ಜಿಯ ದಿನದಿಂದ 20 ವರ್ಷಗಳಿಗೆ ಮುಗಿದುಹೋಗುತ್ತದೆ. ಆ 20 ವರ್ಷಗಳ ಕಾಲ ಅವರ ಅನುಮತಿಯಿಲ್ಲದೆ ಮತ್ತೊಬ್ಬರು ಆ ವಸ್ತುವನ್ನು ತಯಾರಿಸಿ ಮಾರಲಾಗದು. ಇದಕ್ಕೆ ಪ್ರತಿಯಾಗಿ ಅವರು ಸಮಾಜಕ್ಕೆ ಕೊಡಬೇಕಾದದ್ದು ತಮ್ಮ ರಹಸ್ಯವನ್ನು. ಆ ವಿದ್ಯೆಯಲ್ಲಿ ನುರಿತ ಯಾರೇ ಆಗಲಿ ಓದಿ ಮಾಡಬಲ್ಲಷ್ಟು ಸ್ಪಷ್ಟವಾಗಿ, ತಮಗೆ ತಿಳಿದ ಅತ್ಯುತ್ತಮವಾದ ವಿಧಾನವನ್ನು ಮುಚ್ಚುಮರೆಯಿಲ್ಲದೆ ಅವರು ಬರೆದುಕೊಡಬೇಕು.

ನಮ್ಮ ದೇಶದಲ್ಲಿ ಈ ಪದ್ಧತಿ 1856ರಷ್ಟು ಹಳೆಯದು. ಆ ವರ್ಷ ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬ ಎಂಜಿನಿಯರು ಪಂಖಾ ಎಳೆಯುವ ಯಂತ್ರವೊಂದಕ್ಕೆ ಮೊಟ್ಟಮೊದಲ ಅರ್ಜಿಯನ್ನು ಹಾಕಿದರು. ಸ್ವಾತಂತ್ರ್ಯಾನಂತರ ಬಕ್ಷಿ ಟೇಕ್ ಚಂದರ ಸಮಿತಿಯೂ, ಆಮೇಲೆ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ಯರ 1959ರ ವರದಿಯೂ, ಪರದೇಶದವರ ಹಕ್ಕುಗಳು ನಮ್ಮ ಉದ್ಯಮದ ಕೈಕಟ್ಟದಂತೆ ಕಾನೂನನ್ನು ತಿದ್ದಬೇಕೆಂದು ಸಾರಿದುವು. ಅದರ ಫಲವಾಗಿ ಬಂದದ್ದು 1970ರ ಪೇಟೆಂಟ್ ಕಾಯಿದೆ. ಈಚಿನ ತಿದ್ದುಪಡಿಗಳೊಂದಿಗೆ ಇಂದಿಗೂ ನಡೆಯುತ್ತಿರುವುದು ಅದೇ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ನಗರದ ಪೇಟೆಂಟ್ ಕಚೇರಿಗೆ.

ಪೇಟೆಂಟೆಂಬುದು ಹೊಸತಿಗೆ ಸಲ್ಲುವ, ಕಾಲಮಿತಿಯುಳ್ಳ, ರಹಸ್ಯವನ್ನು ಬಿಟ್ಟುಕೊಟ್ಟು ಪಡೆಯುವ ಹಕ್ಕು ಎಂದಾಯಿತು. ಇನ್ನು ಪರೀಕ್ಷೆಗೆ ಬರೋಣ. ಇದೇ ನಮ್ಮ ಮಾತಿನ ಹೃದಯ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಒಂದು ಕಲ್ಪನೆಯನ್ನು ಮಾಡಿಕೊಳ್ಳಿರಿ. ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಸೂಜಿಗೊಂದು ಕವಚವನ್ನು ರಚಿಸಿದ್ದಾಳೆ ಎಂದಿಟ್ಟುಕೊಳ್ಳೋಣ. ಹೆಬ್ಬೆರಳಿನಿಂದ ತಳ್ಳಿದರೆ ಜಾರಿ ಮುಂದೆ ಬರುವ ಕೊಳವೆ. ಅದು ಅಗುಳಿ ಬಿದ್ದಾಗ ಕಾಣಿಸಿಕೊಳ್ಳುವ ಒಂದು ಕೆಂಪು ಪಟ್ಟಿ. ಅರ್ಜಿಯನ್ನು ಕೊಟ್ಟು 18 ತಿಂಗಳಾದ ಮೇಲೆ ಅದು ಕಚೇರಿಯ ಪತ್ರಿಕೆಯಲ್ಲಿ ಎಲ್ಲರೂ ಓದುವಂತೆ ಪ್ರಕಟವಾಗುತ್ತದೆ. ಪರೀಕ್ಷೆಯು ತಾನಾಗಿ ನಡೆಯುವುದಿಲ್ಲ. ಈಗಿನ ನಿಯಮದಂತೆ 31 ತಿಂಗಳೊಳಗೆ ಅದನ್ನು ಪ್ರತ್ಯೇಕವಾಗಿ ಕೋರಬೇಕು. ಕೋರದಿದ್ದರೆ ಅರ್ಜಿಯನ್ನು ಹಿಂದೆಗೆದುಕೊಂಡಂತೆಯೇ ಲೆಕ್ಕ. ಕೋರಿದ ಮೇಲೆ ಕಡತವು ಒಬ್ಬ ಪರೀಕ್ಷಕರ ಮೇಜಿಗೆ ಬರುತ್ತದೆ.

ಪರೀಕ್ಷಕರು ಮೊದಲು ಓದುವುದು ಅರ್ಜಿಯ ಕೊನೆಯಲ್ಲಿರುವ ಹಕ್ಕಿನ ವಾಕ್ಯಗಳನ್ನು. ಕ್ಲೇಮೆಂದು ಕರೆಯಲ್ಪಡುವ ಈ ವಾಕ್ಯಗಳು ಹೊಲದ ಬಾಂದುಕಲ್ಲುಗಳಿದ್ದಂತೆ. ಒಳಗಿರುವುದು ಅರ್ಜಿದಾರರದು, ಹೊರಗಿರುವುದು ಊರಿನದು. ಮೊನೆಯನ್ನು ಮುಚ್ಚುವ ಯಾವುದೇ ಸಾಧನವು ತನ್ನದೆಂದು ನಮ್ಮ ವಿದ್ಯಾರ್ಥಿನಿ ಬರೆದಿದ್ದರೆ ಅವಳು ಊರಿನ ನೆಲವನ್ನೆಲ್ಲ ಒತ್ತಿಕೊಳ್ಳಲು ಹೊರಟಂತೆ. ಅದನ್ನು ಹಿಂದಕ್ಕೆ ಸರಿಸುವುದು ಪರೀಕ್ಷಕರ ಧರ್ಮ.

ಆಮೇಲೆ ಹುಡುಕಾಟ. ಲೋಕದ ಪೇಟೆಂಟುಗಳೆಲ್ಲವನ್ನೂ ವಿಷಯಾನುಸಾರವಾಗಿ ವರ್ಗೀಕರಿಸಿ ಇಟ್ಟಿದ್ದಾರೆ. ದೇಹದೊಳಕ್ಕೆ ದ್ರವವನ್ನು ಸೇರಿಸುವ ಸಾಧನಗಳಿಗೆ ಎ 61 ಎಂ ಎಂಬ ಗುರುತು. ಅದರಲ್ಲಿ 5ರ ಕೆಳಗೆ 32 ಎಂಬ ಉಪವಿಭಾಗವು ಸೂಜಿಗೂ ಅದರ ಪರಿಕರಗಳಿಗೂ ಮೀಸಲು. ಪರೀಕ್ಷಕರು ಈ ಭಂಡಾರವನ್ನು ತೆರೆದರೆ ಜಾರುವ ಕೊಳವೆಗಳ ಸಾಲೇ ಎದುರಾಗುತ್ತದೆ. ಏಡ್ಸ್ ರೋಗದ ಭಯವು ಆಸ್ಪತ್ರೆಗಳನ್ನು ಆವರಿಸಿದ 1980ರ ದಶಕದ ನಡುಭಾಗದಿಂದ ಇಂತಹ ಕವಚಗಳ ಅರ್ಜಿಗಳು ಅಮೆರಿಕದಲ್ಲಿಯೂ ಯುರೋಪಿನಲ್ಲಿಯೂ ಪ್ರವಾಹದಂತೆ ಬಂದಿವೆ. ಅವುಗಳಲ್ಲಿ ಒಂದೇ ಒಂದು ದಾಖಲೆಯಲ್ಲಿ ನಮ್ಮ ವಿದ್ಯಾರ್ಥಿನಿಯ ಕ್ಲೇಮಿನ ಅಂಗಗಳೆಲ್ಲವೂ ಒಟ್ಟಾಗಿ ಕಂಡುಬಂದರೆ ನವೀನತೆ ಅಲ್ಲಿಗೇ ಬಿದ್ದುಹೋಯಿತು. ಅವಳು ಆ ದಾಖಲೆಯನ್ನು ಕಣ್ಣಿನಿಂದ ಕಂಡಿರಲಿಲ್ಲವೆಂಬುದು ಉತ್ತರವಾಗಲಾರದು. ಲೋಕಕ್ಕೆ ಹೊಸತೇ ಎಂಬುದು ಕಾನೂನಿನ ಪ್ರಶ್ನೆ. ಅವಳಿಗೆ ಹೊಸತೇ ಎಂಬುದಲ್ಲ.

ನವೀನತೆಯನ್ನು ದಾಟಿದರೂ ಇನ್ನೊಂದು ಹೊಸ್ತಿಲು ಉಂಟು, ಅದೇ ಕಠಿಣವಾದದ್ದು. ಜಾರುವ ಕೊಳವೆ ಒಂದು ದಾಖಲೆಯಲ್ಲಿಯೂ, ಬಣ್ಣದ ಪಟ್ಟಿ ಮತ್ತೊಂದರಲ್ಲಿಯೂ ಇದ್ದುವೆನ್ನೋಣ. ಎರಡನ್ನೂ ಕೂಡಿಸುವುದು ಈ ವಿದ್ಯೆಯಲ್ಲಿ ನುರಿತವನಿಗೆ ಸಹಜವಾಗಿ ತೋಚುವ ಮಾತೇ ಎಂದು ಪರೀಕ್ಷಕರು ಕೇಳುತ್ತಾರೆ. ತೋಚುವುದಾದರೆ ಅದು ಆವಿಷ್ಕಾರವಲ್ಲ. ಅಷ್ಟೇ ಅಲ್ಲ, ಕೊಳವೆ ತನ್ನ ಪಾಡಿಗೆ ಮುಚ್ಚುತ್ತಿದ್ದು, ಪಟ್ಟಿ ತನ್ನ ಪಾಡಿಗೆ ತೋರುತ್ತಿದ್ದು, ಒಂದರ ಕೆಲಸಕ್ಕೆ ಇನ್ನೊಂದರಿಂದ ಏನೂ ಆಗದಿದ್ದರೆ, ತಿಳಿದಿರುವ ಸಾಧನಗಳನ್ನು ಬರಿದೆ ಒಟ್ಟಿಗಿಡುವುದು ಆವಿಷ್ಕಾರವಾಗದೆಂಬ, ಕಾಯಿದೆಯ 3ನೆಯ ಕಲಮಿನ ನಿಷೇಧವೂ ಅಡ್ಡ ಬರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಔಷಧದ ಕೊನೆಯ ಹನಿಯನ್ನು ಒತ್ತುವ ಚಲನೆಯೇ ಅಗುಳಿಯನ್ನು ಬಿಡಿಸಿ ಸೂಜಿಯನ್ನು ಒಳಗೆಳೆಯುವ ರಚನೆಯಲ್ಲಿ, ಅಂಗಗಳು ಒಂದನ್ನೊಂದು ಅವಲಂಬಿಸಿ ಒಂದೇ ಫಲವನ್ನು ಸಾಧಿಸುತ್ತವೆ. ಅದನ್ನು ಮೊದಲು ಕಂಡವರ ಕಾಲದಲ್ಲಿ ಅದು ನಿಜವಾದ ಆವಿಷ್ಕಾರವಾಗಿತ್ತು.

ಈ ಬಿಗಿಯ ಮೂಲವನ್ನು ಅರಿಯಬೇಕಾದರೆ ಸರ್ವೋಚ್ಚ ನ್ಯಾಯಾಲಯವು 1978ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪೊಂದನ್ನು ನೆನೆಯಬೇಕು. ಉತ್ತರ ಪ್ರದೇಶದ ಮಿರ್ಜಾಪುರದ ಪಾತ್ರೆಯ ಉದ್ಯಮದ ವ್ಯಾಜ್ಯ ಅದು. ಹಿತ್ತಾಳೆಯ ಪಾತ್ರೆಗಳನ್ನು ಹೊಳಪುಗೊಳಿಸುವಾಗ ತಿರುಗಣಿಯಿಂದ ಪಾತ್ರೆ ಹಾರಿಬಿದ್ದು ಕೆಲಸಗಾರನಿಗೆ ಅಪಾಯವಾಗುತ್ತಿದ್ದುದರಿಂದ, ಅದನ್ನು ಇನ್ನೊಂದು ತುದಿಯಿಂದಲೂ ಒತ್ತಿ ಹಿಡಿಯುವ ಸಾಧನವನ್ನು ಒಂದು ಸಂಸ್ಥೆ ರೂಪಿಸಿ ಪೇಟೆಂಟನ್ನು ಪಡೆದಿತ್ತು. ಉದ್ದೇಶವು ಒಳ್ಳೆಯದು, ಉಪಯೋಗವೂ ಇತ್ತು. ಆದರೆ ತಿರುಗಣಿಯ ಕೆಲಸದಲ್ಲಿ ಅಂತಹ ಹಿಡಿಕೆ ಬಹು ಹಿಂದಿನಿಂದ ತಿಳಿದಿದ್ದ ವಿಷಯವೆಂದೂ, ಕಾರ್ಯಾಗಾರದಲ್ಲಿ ದಿನನಿತ್ಯ ಹುಟ್ಟುವ ಸಣ್ಣ ಸುಧಾರಣೆಗಿಂತ ಮಿಗಿಲಾದ ಏನಾದರೊಂದು ಇದ್ದಲ್ಲದೆ ಪೇಟೆಂಟು ಸಲ್ಲದೆಂದೂ ನ್ಯಾಯಾಲಯವು ನಿರ್ಣಯಿಸಿತು. ಕೆಲಸಗಾರನ ಕ್ಷೇಮವನ್ನು ಸಾಧಿಸುವ ಯಂತ್ರವೆಂಬ ಪುಣ್ಯದ ಬಲದಿಂದಲೇ ಏಕಸ್ವಾಮ್ಯವು ಲಭಿಸದು ಎಂಬ ಈ ತತ್ತ್ವವು ಸೂಜಿಯ ಕವಚಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಕೆಲವರಿಗೆ ಇದು ನಿಷ್ಠುರವಾಗಿ ತೋರೀತು. ನನಗೆ ಇದು ಕರುಣೆಯೆಂದೇ ತೋರುತ್ತದೆ. ಏಕೆಂದರೆ ಸಣ್ಣಸಣ್ಣ ತಿದ್ದುಪಡಿಗಳಿಗೆಲ್ಲ 20 ವರ್ಷಗಳ ಬೇಲಿಯನ್ನು ಹಾಕುತ್ತ ಹೋದರೆ, ಅಗ್ಗದ ಕವಚವನ್ನು ಮಾಡಹೊರಟ ನಾಳಿನ ತಯಾರಕನಿಗೆ ಕಾಲಿಡಲು ನೆಲವಿರುವುದಿಲ್ಲ. ಆ ಕವಚವು ಮಹಾಗಾಂವದಂತಹ ಊರಿನ ದಾದಿಯ ಕೈಗೆ ಬರುವುದೂ ಇಲ್ಲ.

ಹಾಗಾದರೆ ನಮ್ಮ ವಿದ್ಯಾರ್ಥಿನಿಗೆ ದಾರಿಯೇ ಇಲ್ಲವೆ? ಇದೆ. ಪರೀಕ್ಷಕರ ಮೊದಲ ವರದಿಯು ಆಕ್ಷೇಪಗಳ ಪಟ್ಟಿಯೇ ಹೊರತು ತಿರಸ್ಕಾರವಲ್ಲ. ಅದು ಬಂದ ಮೇಲೆ ಉತ್ತರಕ್ಕೆ ಆರು ತಿಂಗಳ ಅವಕಾಶವಿದೆ. ಕೋರಿದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಅವಳು ತನ್ನ ಬಾಂದುಗಳನ್ನು ಒಳಕ್ಕೆ ಸರಿಸಿಕೊಳ್ಳಬಹುದು. ಉಕ್ಕಿನ ಸುರುಳಿಯೇ ಇಲ್ಲದೆ, ಪ್ಲಾಸ್ಟಿಕ್ಕಿನ ಸ್ವಂತ ಸ್ಥಿತಿಸ್ಥಾಪಕ ಗುಣದಿಂದಲೇ ಕವಚವು ಮುಂದೆ ಬರುವಂತೆ ಅವಳು ರಚಿಸಿದ್ದು, ಹಾಗೆ ಮಾಡಬಹುದೆಂದು ಹಿಂದಿನ ದಾಖಲೆಗಳು ಸೂಚಿಸದಿದ್ದರೆ, ಅಷ್ಟರ ಮಟ್ಟಿಗೆ ಅವಳ ಹಕ್ಕು ನ್ಯಾಯವಾದದ್ದು. ನಮ್ಮ ಕಾಯಿದೆಯಲ್ಲಿ ನನಗೆ ಬಹಳ ಪ್ರಿಯವಾದ ಒಂದು ಮಾತು ಇಲ್ಲಿ ಉಪಕಾರಕ್ಕೆ ಬರುತ್ತದೆ. ಆವಿಷ್ಕಾರದ ಹೆಜ್ಜೆಯನ್ನು ಅಳೆಯುವಾಗ ತಾಂತ್ರಿಕ ಪ್ರಗತಿಯನ್ನಲ್ಲದೆ ಆರ್ಥಿಕ ಮಹತ್ತ್ವವನ್ನೂ ಎಣಿಸಬಹುದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಸಹಜವಾಗಿ ತೋಚುವಂತಹುದಾಗಿರಬಾರದೆಂಬ ನಿಯಮ ಆಗಲೂ ತಪ್ಪಿದ್ದಲ್ಲ. ಆದರೆ ಬಡ ಆಸ್ಪತ್ರೆಯ ಕೈಗೆಟುಕುವಂತೆ ವೆಚ್ಚವನ್ನು ಇಳಿಸಿದ ಜಾಣ್ಮೆಗೂ ಅಲ್ಲಿ ಬೆಲೆಯುಂಟು. ಉತ್ತರದಿಂದ ತೃಪ್ತಿಯಾಗದಿದ್ದರೆ ವಿಚಾರಣೆ ನಡೆಯುತ್ತದೆ. ಆಮೇಲೆ ಪೇಟೆಂಟ್ ಕಚೇರಿಯ ಅಧಿಕಾರಿಗಳಾದ ಕಂಟ್ರೋಲರು ಪೇಟೆಂಟನ್ನು ಕೊಡುತ್ತಾರೆ ಅಥವಾ ನಿರಾಕರಿಸುತ್ತಾರೆ.

ಪ್ರಸಂಗವಶಾತ್ ಇನ್ನೊಂದು ವಿಷಯ. ಚಿಕಿತ್ಸೆಯ ವಿಧಾನಕ್ಕೆ ನಮ್ಮಲ್ಲಿ ಪೇಟೆಂಟಿಲ್ಲ. ಸಾಧನಕ್ಕೆ ಉಂಟು, ಕೈಚಳಕಕ್ಕೆ ಇಲ್ಲ. ಮುಚ್ಚಳವನ್ನು ಮೇಜಿನ ಮೇಲಿಟ್ಟು, ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಿ ಎತ್ತಿಕೊಳ್ಳುವ ಉಪಾಯವನ್ನು ದಾದಿಯೊಬ್ಬಳು ಇನ್ನೊಬ್ಬಳಿಗೆ ಕಲಿಸಿದರೆ ಯಾರಿಗೂ ಏನೂ ಸಲ್ಲಿಸಬೇಕಾಗಿಲ್ಲ.

ಕ್ಲೇಮು, ಹುಡುಕಾಟ, ನವೀನತೆ, ಆವಿಷ್ಕಾರದ ಹೆಜ್ಜೆ, ಇಷ್ಟನ್ನು ಹೇಳಿದ್ದಾಯಿತು. ಕ್ಲೇಮಿನ ಗಡಿಯು ಮುಂದೆ ಎಷ್ಟು ದೂರ ಪರಿಣಾಮವನ್ನುಂಟುಮಾಡುತ್ತದೆಂಬುದಕ್ಕೆ ಪರದೇಶದ ಒಂದು ನಿದರ್ಶನವನ್ನು ಕೊಡುತ್ತೇನೆ. ಸೂಜಿಯನ್ನು ಒಳಗೆಳೆದುಕೊಳ್ಳುವ ಸಿರಿಂಜನ್ನು ಅಮೆರಿಕದ ಟೆಕ್ಸಾಸಿನ ಥಾಮಸ್ ಶಾ ಎಂಬ ಎಂಜಿನಿಯರು 1990ರ ದಶಕದಲ್ಲಿ ಸಿದ್ಧಪಡಿಸಿದರು. ಅವರ ಸಂಸ್ಥೆಯ ಹೆಸರು ರಿಟ್ರ್ಯಾಕ್ಟಬಲ್ ಟೆಕ್ನಾಲಜೀಸ್. ಆ ಸಂಸ್ಥೆಯು ಬೆಕ್ಟನ್ ಡಿಕಿನ್ಸನ್ ಎಂಬ ಬಹು ದೊಡ್ಡ ಸೂಜಿ ತಯಾರಕರ ಮೇಲೆ, ತಮ್ಮ ಪೇಟೆಂಟನ್ನು ಉಲ್ಲಂಘಿಸಿದರೆಂದು ದಾವೆ ಹೂಡಿತು. ಪ್ರತಿವಾದಿಗಳ ಒಂದು ಸಿರಿಂಜಿನ ಹೊರಮೈ ಎರಡು ತುಂಡುಗಳಿಂದ ಕೂಡಿದ್ದಾಗಿತ್ತು. ಪೇಟೆಂಟಿನ ವಿವರಣೆಯಲ್ಲಿ ವರ್ಣಿಸಿದ್ದೂ ಚಿತ್ರಿಸಿದ್ದೂ ಒಂದೇ ತುಂಡಿನ ಮೈಯನ್ನು. ಆದಕಾರಣ ಹಕ್ಕೂ ಒಂದೇ ತುಂಡಿನ ಮೈಗೆ ಸೀಮಿತವೆಂದು 2011ರಲ್ಲಿ ಅಲ್ಲಿಯ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಹೇಳಿತು. ಎರಡು ತುಂಡಿನ ಸಿರಿಂಜು ಹಕ್ಕಿನ ಹೊರಗೆ ಉಳಿಯಿತು. ತೀರ್ಪುಗಾರರಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಬರೆಯುವಾಗಿನ ಒಂದು ಎಚ್ಚರಿಕೆ, ಪರೀಕ್ಷಿಸುವಾಗಿನ ಒಂದು ಪ್ರಶ್ನೆ, ವರ್ಷಾಂತರಗಳ ಮೇಲೆ ಒಂದು ಉದ್ಯಮದ ಭಾಗ್ಯವನ್ನು ನಿರ್ಣಯಿಸುತ್ತದೆ.

ಪರೀಕ್ಷಕರು ಏನನ್ನು ಕೇಳುತ್ತಾರೆಂಬುದನ್ನು ತಿಳಿದೆವು. ಏನನ್ನು ಕೇಳುವುದಿಲ್ಲವೆಂಬುದನ್ನೂ ತಿಳಿಯದೆ ಹೋದರೆ ದೊಡ್ಡ ಭ್ರಾಂತಿಯುಂಟಾದೀತು. ಕವಚವು ನಿಜವಾಗಿ ಬೆರಳನ್ನು ಕಾಯುವುದೇ ಎಂಬುದನ್ನು ಅವರು ಆಸ್ಪತ್ರೆಯಲ್ಲಿ ಪ್ರಯೋಗಿಸಿ ನೋಡುವುದಿಲ್ಲ. ಅವರ ಮುಂದಿರುವುದು ಕಾಗದ. ಅಗುಳಿಯು ಎಷ್ಟು ಒತ್ತಡವನ್ನು ತಾಳಬೇಕು, ಕವಚವನ್ನು ದಾಟಿ ಬೆರಳು ಮೊನೆಗೆ ತಾಗದಂತೆ ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ಐ.ಎಸ್.ಓ. 23908 ಎಂಬ ಅಂತರರಾಷ್ಟ್ರೀಯ ಮಾನಕವು ಬೇರೆಯಾಗಿ ಇದೆ. ನಮ್ಮ ದೇಶದಲ್ಲಿ ಮಾರಾಟಕ್ಕೆ ಅನುಮತಿ ಕೊಡತಕ್ಕವರು 2017ರ ವೈದ್ಯಕೀಯ ಸಾಧನ ನಿಯಮಗಳ ಅಧಿಕಾರಿಗಳು. ಆದಕಾರಣ ಪೆಟ್ಟಿಗೆಯ ಮೇಲೆ ಪೇಟೆಂಟೆಂದು ಮುದ್ರಿಸಿದ್ದರೆ ಅದನ್ನು ಸುರಕ್ಷತೆಯ ಪ್ರಮಾಣಪತ್ರವೆಂದು ಬಗೆಯಕೂಡದು. ಖರೀದಿಯ ಸಮಿತಿಯಲ್ಲಿ ಕುಳಿತ ವೈದ್ಯಾಧಿಕಾರಿಗಳು ಈ ಮಾತನ್ನು ಮನಸ್ಸಿನಲ್ಲಿಡಬೇಕೆಂದು ವಿನಂತಿಸುತ್ತೇನೆ.

ಕಾಗದಕ್ಕೂ ಕೈಗೂ ನಡುವಿನ ಈ ಅಂತರವನ್ನು ತುಂಬಬಲ್ಲವರು ಸೂಜಿಯನ್ನು ದಿನವೂ ಹಿಡಿಯುವವರೇ. ಅದಕ್ಕೆ ಕಾಯಿದೆಯಲ್ಲಿ ಬಾಗಿಲೂ ಇದೆ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟು ದೊರೆಯುವುದಕ್ಕೆ ಮುಂಚೆ, ಯಾವ ವ್ಯಕ್ತಿಯಾದರೂ ಲಿಖಿತವಾಗಿ ವಿರೋಧಿಸಬಹುದು. ಈ ಸಾಧನವು ಇಲ್ಲಿ ಮೊದಲೇ ಬಹಿರಂಗವಾಗಿ ಬಳಕೆಯಲ್ಲಿತ್ತೆಂದು ದಾದಿಯರ ಸಂಘವೊಂದು ಪುರಾವೆಯೊಡನೆ ಬರೆದರೆ ಕಂಟ್ರೋಲರು ಅದನ್ನು ಪರಿಗಣಿಸಲೇಬೇಕು. ದೇಶದಲ್ಲಿ 2023-24ರ ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಮೀರಿದ ಪೇಟೆಂಟುಗಳು ಮಂಜೂರಾದುವು. ಅಷ್ಟು ಕಡತಗಳ ನಡುವೆ ಕುಳಿತ ಪರೀಕ್ಷಕರಿಗೆ, ಆಸ್ಪತ್ರೆಯ ಮೂಲೆಯಲ್ಲಿ ರೂಢಿಯಲ್ಲಿರುವ ಉಪಾಯವು ತಾನಾಗಿ ತಿಳಿಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಪರೀಕ್ಷೆಯ ಬಲವನ್ನೂ ಮಿತಿಯನ್ನೂ ಹೇಳಿದೆ. ಕೊನೆಯದಾಗಿ, ಇದರಿಂದ ನಮ್ಮ ಕೈಗೆ ಈಗಲೇ ದೊರೆಯಬಹುದಾದ ಫಲವನ್ನು ಹೇಳುತ್ತೇನೆ. ಅದು ಅನೇಕರ ಗಮನಕ್ಕೆ ಬಾರದ ಸಂಪತ್ತು. ಪೇಟೆಂಟು ಕೊಟ್ಟ ದೇಶದಲ್ಲಿ ಮಾತ್ರ ಅದಕ್ಕೆ ಬಲ. ಅಮೆರಿಕದಲ್ಲಿ ಪಡೆದು ಭಾರತದಲ್ಲಿ ಪಡೆಯದಿದ್ದ ಹಕ್ಕು ಕಲಬುರಗಿಯ ಕೈಗಾರಿಕಾ ವಸಾಹತಿನಲ್ಲಿ ಯಾರನ್ನೂ ತಡೆಯಲಾರದು. ಇಲ್ಲಿ ಪಡೆದದ್ದಕ್ಕೂ 20 ವರ್ಷಗಳೇ ಆಯುಷ್ಯ. ಆ 1980ರ ಮತ್ತು 1990ರ ದಶಕಗಳಲ್ಲಿ ಬಂದ ಜಾರುವ ಕೊಳವೆಗಳ, ಮಡಚುವ ಮುಚ್ಚಳಗಳ, ಒಳಸೇರುವ ಸೂಜಿಗಳ ಪೇಟೆಂಟುಗಳ ಅವಧಿ ತೀರಿದೆ. ಅವುಗಳ ವಿವರಣೆಗಳು, ಅಳತೆಗಳು, ಚಿತ್ರಗಳು ಅಂತರ್ಜಾಲದಲ್ಲಿ ಶುಲ್ಕವಿಲ್ಲದೆ ದೊರೆಯುತ್ತವೆ. ಅಂದು ಪರೀಕ್ಷಕರು ರಹಸ್ಯವನ್ನು ಪೂರ್ಣವಾಗಿ ಬರೆಯಿಸಿಕೊಂಡಿದ್ದರಿಂದಲೇ ಇಂದು ಅದು ನಮ್ಮದಾಗಿದೆ. ಒಂದೇ ಎಚ್ಚರಿಕೆ, ಹಳೆಯದರ ಮೇಲೆ ಕಟ್ಟಿದ ಹೊಸ ಸುಧಾರಣೆಗೆ ಜೀವಂತವಾದ ಪೇಟೆಂಟು ಇದ್ದೀತು, ಅದನ್ನು ಹುಡುಕಿ ತಿಳಿದುಕೊಂಡೇ ತಯಾರಿಕೆಗೆ ಇಳಿಯಬೇಕು.

ಕವಚವುಳ್ಳ ಸೂಜಿ ನಮ್ಮ ಊರಿನ ಆರೋಗ್ಯ ಕೇಂದ್ರಗಳಿಗೆಲ್ಲ ಬರುವ ತನಕ ದಾದಿಯರು ಬಳಸಿದ ಸೂಜಿಗೆ ಎರಡು ಕೈಗಳಿಂದ ಮುಚ್ಚಳ ಹಾಕಬಾರದು. ಸೂಜಿಯನ್ನು ಕತ್ತರಿಸುವ ಸಾಧನವನ್ನೂ, ತೂತಾಗದ ಬಿಳಿಯ ಡಬ್ಬಿಯನ್ನೂ ಕೈಯಳತೆಯಲ್ಲಿಯೇ ಇಟ್ಟುಕೊಳ್ಳಬೇಕು. ಚುಚ್ಚಿದರೆ ಗಾಯವನ್ನು ಹಿಂಡದೆ ಸಾಬೂನು ನೀರಿನಿಂದ ತೊಳೆದು, ನಾಚಿಕೆಪಡದೆ, ತಡಮಾಡದೆ ತಿಳಿಸಬೇಕು, ಏಕೆಂದರೆ ಎಚ್.ಐ.ವಿ. ತಡೆಯುವ ಔಷಧ ಬೇಕಾದಲ್ಲಿ ಅದನ್ನು ಆದಷ್ಟು ಬೇಗ, 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ.

ಇನ್ನು ಎಂಜಿನಿಯರಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳಿಗೆ ನನ್ನ ಬಿನ್ನಹ. ಕವಚವನ್ನು ಬರೆಯಲು ಕುಳಿತುಕೊಳ್ಳುವುದಕ್ಕೆ ಮುಂಚೆ ಒಂದು ದಿನ ಹಳ್ಳಿಯ ಆಸ್ಪತ್ರೆಗೆ ಹೋಗಿ, ಸೂಜಿ ಹಾಕುವವರ ಕೈ ಹೇಗೆ ಚಲಿಸುತ್ತದೆಂಬುದನ್ನು ನೋಡಿರಿ. ಅವರು ಹೇಳುವುದನ್ನು ಕೇಳಿರಿ. ಉಪಾಯವು ಅವರದೇ ಆಗಿದ್ದರೆ ಆವಿಷ್ಕಾರಕರ ಸ್ಥಾನದಲ್ಲಿ ಅವರ ಹೆಸರನ್ನೂ ಬರೆಯಿರಿ. ಆಮೇಲೆ ಹಳೆಯ ಪೇಟೆಂಟುಗಳನ್ನು ಓದಿ, ಪರೀಕ್ಷಕರು ಕೇಳಲಿರುವ ಪ್ರಶ್ನೆಯನ್ನು ನೀವೇ ಮೊದಲು ಕೇಳಿಕೊಳ್ಳಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರದಲ್ಲಿ ಮಾರ್ಗದರ್ಶನ ಸಿಗುತ್ತದೆ. ವ್ಯಕ್ತಿಯೊಬ್ಬರು ಅಂತರ್ಜಾಲದ ಮೂಲಕ ಅರ್ಜಿ ಹಾಕಲು ಶುಲ್ಕ ಸುಮಾರು 1,600 ರೂಪಾಯಿ, ಪರೀಕ್ಷೆಯನ್ನು ಕೋರಲು ಸುಮಾರು 4,000. ಕೆಲಸ ಪೂರ್ಣವಾಗಿರದಿದ್ದರೆ ತಾತ್ಕಾಲಿಕ ವಿವರಣೆಯನ್ನು ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆಯನ್ನು ಕೊಡಬಹುದು. ಕಾಲೇಜಿನ ಪ್ರದರ್ಶನದಲ್ಲಾಗಲಿ ಪತ್ರಿಕೆಯಲ್ಲಾಗಲಿ ನಿಮ್ಮ ಕವಚವನ್ನು ಮೊದಲೇ ತೋರಿಸಿಬಿಟ್ಟರೆ ಅದರ ನವೀನತೆಗೆ ನೀವೇ ಧಕ್ಕೆ ತಂದುಕೊಂಡಂತಾಗುತ್ತದೆ. ಕಾಯಿದೆಯು ಕೊಡುವ ವಿನಾಯಿತಿಗಳು ಬಹು ಸಂಕುಚಿತ. ಮೊದಲು ಅರ್ಜಿಯನ್ನು ಸಲ್ಲಿಸಿರಿ. ಪ್ರದರ್ಶನಕ್ಕೆ ಆಮೇಲೆ ಇಡಿರಿ.